ಬಿಳಿ ಕಿವಿಯ ನಾಯಿ

ಡ್ರೈವಿಂಗ್ ಸೆಂಟರಿನ ಬೋರ್ಡಿನ ಮೇಲೆ ನನ್ನ ಹೆಸರಿನ ಎದುರಿಗಿದ್ದ ತರಬೇತುದಾರನ ಹೆಸರನ್ನು ಯಾರೋ ಅಳಿಸಿ, ಅದರ ಮೇಲೆಯೇ ‘ಡೆಲ್’ ಎಂದು ಬರೆದಿದ್ದರು. ಉಳಿದ ಯಾರ ಹೆಸರಿನ ಮುಂದೆಯೂ ಅಳಿಸಿದ ಗುರುತು ಇರಲಿಲ್ಲ.

ಬೇರೆಯವರಾಗಿದ್ದರೆ ಕಾಫಿ ತೆಗೆದುಕೊಂಡು ಸುಮ್ಮನೆ ಕೂರುತ್ತಿದ್ದರು. ನಾನು ಇಪ್ಪತ್ತು ವರ್ಷದಿಂದ ನಾಕ್ಸ್‌ವಿಲ್‌ನ ಒಂದು ವಿಮಾ ಕಂಪನಿಯಲ್ಲಿ ಅಪಘಾತದ ಕ್ಲೇಮುಗಳನ್ನು ತನಿಖೆ ಮಾಡುವವಳು. ಜನ ಹೇಳಿದ್ದನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ. ಆ ಅಭ್ಯಾಸ ಆಫೀಸಿನಲ್ಲೇ ಉಳಿಯಲಿಲ್ಲ, ನನ್ನ ಜೊತೆ ಮನೆಗೂ ಬಂತು. ಗಂಡ ಬಿಟ್ಟುಹೋದ. ಆಮೇಲೆ ಬಂದ ಇಬ್ಬರೂ ಹೋದರು. “ನಡೀನ್, ಪ್ರೀತಿಸ್ತೀನಿ ಅಂದವನಿಗೂ ನೀನು ಇಬ್ಬರು ಸಾಕ್ಷಿ ಕರ್ಕೊಂಡು ಬಾ ಅಂತೀಯ ಕಣೇ” ಎಂದು ತಂಗಿ ರೇಗಿಸುತ್ತಾಳೆ.

ಹೊಸ ಕಾರನ್ನು ಶೋರೂಮಿನಲ್ಲಿ ಬೇಡ, ಸೌತ್ ಕ್ಯಾರೊಲಿನಾದ ಕಾರ್ಖಾನೆ ಪಕ್ಕದ ಡ್ರೈವಿಂಗ್ ಸೆಂಟರಿನಲ್ಲೇ ತೆಗೆದುಕೊಳ್ಳುತ್ತೇನೆ ಎಂದಿದ್ದೆ. ಅವರು ಕಳಿಸಿದ ಆಹ್ವಾನದಲ್ಲಿ ಇಬ್ಬರಿಗೆ ಜಾಗವಿತ್ತು. ನಾನು ಒಬ್ಬಳೇ ಬಂದಿದ್ದೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಪಕ್ಕದ ಸೀಟು ತುಂಬುವ ಆಸೆ ನನಗಿಲ್ಲ ಎಂದು ಹೇಳಿದರೆ, ಅದನ್ನೂ ನಂಬಬೇಡಿ.

“ನಡೀನ್ ಓವರ್ಬಿ ಮೇಡಂ?”

ತಿರುಗಿದೆ. ನನ್ನಷ್ಟೇ ವಯಸ್ಸಿರಬಹುದು. ನಡೆಯುವಾಗ ಎಡಗಾಲು ಕೊಂಚ ತಡವಾಗಿ ಬರುತ್ತಿತ್ತು. ಎದೆಯ ಮೇಲಿನ ಬಿಲ್ಲೆಯಲ್ಲಿ ‘ಡೆಲ್’ ಎಂದಷ್ಟೇ ಇತ್ತು, ಮನೆತನದ ಹೆಸರಿಲ್ಲ. ಕೈಯಲ್ಲಿ ದೊಡ್ಡ ಲೋಟದ ತುಂಬ ತಣ್ಣನೆಯ ಸಿಹಿ ಚಹಾ.

“ಐಸ್ ಜಾಸ್ತಿ ಹಾಕ್ಸಿದೀನಿ” ಎಂದು ಲೋಟ ಮುಂದೆ ಹಿಡಿದ. ನಕ್ಕಾಗ ಕಣ್ಣಿನ ತುದಿಯಲ್ಲಿ ಗೆರೆಗಳು ಮೂಡಿದವು. ಒಳ್ಳೆಯ ಗೆರೆಗಳೇ. ಆದರೆ ನನ್ನ ಕಿವಿ ನೆಟ್ಟಗಾಯಿತು. ನಾನು ಐಸ್ ಅಗಿಯುವವಳು. ಮಾತಾಡುತ್ತಾ ಮಾತಾಡುತ್ತಾ ಕಟಕಟ ಎಂದು ಅಗಿಯುತ್ತೇನೆ. ಅದು ಈ ಮನುಷ್ಯನಿಗೆ ಹೇಗೆ ಗೊತ್ತು?

“ನನಗೆ ಐಸ್ ಇಷ್ಟ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಮೇಡಂ. ಸೆಕೆ ಅಲ್ವಾ?”

ಏಪ್ರಿಲ್ ತಿಂಗಳ ಚಳಿ, ಬೆಳಿಗ್ಗೆ ಎಂಟು ಗಂಟೆ. ನಾನು ಸ್ವೆಟರ್ ಹಾಕಿದ್ದೆ.

ಆ ದಿನ ಕಾರು ತೆಗೆದುಕೊಳ್ಳಲು ಬಂದವರು ಮೂವರು: ಅಟ್ಲಾಂಟಾದ ಒಬ್ಬ ಹಲ್ಲಿನ ಡಾಕ್ಟರು, ಎಪ್ಪತ್ತೊಂದು ವರ್ಷದ ಓಪಲ್ ಹೆಂಡ್ರಿಕ್ಸ್ ಎಂಬ ಅಜ್ಜಿ, ಮತ್ತು ನಾನು. ಅಜ್ಜಿಗೆ ಕೆಂಪು ಬಣ್ಣದ, ಎರಡೇ ಸೀಟಿನ, ಮೇಲುಹೊದಿಕೆ ತೆರೆಯುವ ಕಾರು. “ಮಕ್ಕಳು ಮೊಮ್ಮಕ್ಕಳು ಹಿಂದೆ ಹತ್ಕೋಬಾರದು ಅಂತಾನೇ ಎರಡು ಸೀಟಿಂದು ತಗೊಂಡೆ” ಎಂದಳು.

ಪಾಠದ ಕೋಣೆಯಲ್ಲಿ ಡೆಲ್ ಎಲ್ಲರನ್ನೂ ಏನು ಕೆಲಸ, ಎಷ್ಟು ವರ್ಷದಿಂದ ಗಾಡಿ ಓಡಿಸುತ್ತೀರಿ ಎಂದು ಕೇಳಿದ. ನನ್ನ ಹತ್ತಿರ ಬಂದಾಗ ಕಾಗದ ತಿರುವಿ ಮುಂದಕ್ಕೆ ಹೋದ. ಕೇಳದೆ ಬಿಡುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಇದು ನಾನು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ.

ನಮ್ಮ ಹೊಸ ಕಾರುಗಳು ಒಳಗೆಲ್ಲೋ ಮುಸುಕು ಹೊದ್ದು ನಿಂತಿದ್ದವು. ಟ್ರ್ಯಾಕಿನ ಮೇಲೆ ಓಡಿಸಲು ಕೊಟ್ಟಿದ್ದು ಅದೇ ಮಾದರಿಯ ಸೆಂಟರಿನ ಕಾರುಗಳನ್ನು.

“ನನ್ನ ಕಾರನ್ನೇ ಯಾಕೆ ಕೊಡಲ್ಲ? ಅದರಲ್ಲಿ ಏನಾದ್ರೂ ಐಬಿದೆಯಾ?” ಎಂದೆ.

“ಹೊಸ ಎಂಜಿನ್ನು ಮೇಡಂ. ಮೊದಲ ಸಾವಿರದ ಇನ್ನೂರು ಮೈಲಿ ಅದನ್ನ ಹಿಂಡಬಾರದು, ನಿಧಾನಕ್ಕೆ ಪಳಗಿಸ್ಬೇಕು.” ಹಾಗೆನ್ನುವಾಗ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ ಕೂಡಲೇ ಟೋಪಿ ಸರಿಮಾಡಿಕೊಂಡ.

ಪ್ರತಿ ಕಾರಿನಲ್ಲೂ ಒಂದೊಂದು ವಾಕಿಟಾಕಿ ಇಟ್ಟಿದ್ದರು. ಅವನು ದೂರದಲ್ಲಿ ನಿಂತು ಹೇಳಿಕೊಡುವುದು, ನಾವು ಕೇಳಿಸಿಕೊಂಡು ಓಡಿಸುವುದು. ನಾನು ಅದನ್ನು ಸೀಟಿನ ಸಂದಿಗೆ ತುರುಕಿ ಕಾರು ಹೊರಡಿಸಿದೆ. ಒಬ್ಬಳೇ ಇರುವವಳಿಗೆ ತನ್ನ ಜೊತೆ ತಾನೇ ಮಾತಾಡುವ ಚಾಳಿ. ಅವತ್ತೂ ಮಾತಾಡಿದೆ.

“ಹೆಸರು ಅಳಿಸಿ ತನ್ನ ಹೆಸರು ಬರ್ಕೊಂಡಿದಾನೆ. ಐಸ್ ವಿಷಯ ಗೊತ್ತು. ಏನೋ ಮುಚ್ಚಿಡ್ತಿದಾನೆ ಈ ಗಿರಾಕಿ. ಕಣ್ಣು ಚೆನ್ನಾಗಿದೆ ಅಂದ ಮಾತ್ರಕ್ಕೆ ಬೇಸ್ತು ಬೀಳೋಳಲ್ಲ ನಾನು. ಚೆನ್ನಾಗೇನೋ ಇದೆ. ಭುಜಾನೂ ಪರವಾಗಿಲ್ಲ…”

ಅಷ್ಟರಲ್ಲಿ ಡೆಲ್ ಎರಡೂ ಕೈ ಎತ್ತಿ ಬೀಸುತ್ತಾ ಓಡಿಬರುತ್ತಿರುವುದು ಕಂಡಿತು. ಇವನಿಗೇನಾಯಿತು ಎಂದುಕೊಳ್ಳುವಷ್ಟರಲ್ಲಿ ಓಪಲ್ ಅಜ್ಜಿ ತನ್ನ ಕಾರನ್ನು ನನ್ನ ಪಕ್ಕಕ್ಕೆ ತಂದು ಕಿಟಕಿ ಇಳಿಸಿದಳು.

“ಹುಡುಗಿ, ನಿನ್ನ ವಾಕಿಟಾಕಿ ಗುಂಡಿ ಒತ್ತಿಕೊಂಡಿದೆ ಕಣೇ. ನೀನು ಬಿಡೋವರೆಗೂ ಬೇರೆ ಯಾರೂ ಮಾತಾಡೋ ಹಾಗಿಲ್ಲ. ಭುಜದವರೆಗೂ ಬಂದಿದೀಯ, ಇನ್ನು ಕೆಳಗಿಳೀಬೇಡ. ಡಾಕ್ಟರು ಮರ್ಯಾದಸ್ಥರು.”

ನಾನು ನಾಲಿಗೆ ಕಚ್ಚಿಕೊಂಡೆ. ಸಂದಿಯಿಂದ ಅದನ್ನು ಕಿತ್ತು ತೆಗೆದೆ. ಆಮೇಲೆ ಅವನ ದನಿ, ಬಹಳ ಗಂಭೀರವಾಗಿ: “ಮೂರನೇ ಕಾರು, ಎರಡೂ ಕೈ ಸ್ಟೇರಿಂಗ್ ಮೇಲಿರಲಿ.” ದೂರದಲ್ಲಿ ಅವನ ಭುಜಗಳು ನಗುವಿಗೆ ಅಲುಗುತ್ತಿದ್ದವು.

ಮುಂದಿನದು ನೀರಿನ ಪಾಠ. ಅಂಚಿಗೆ ಪ್ಲಾಸ್ಟಿಕ್ ಕೋನ್ ಸಾಲು ಇಟ್ಟ ದುಂಡನೆಯ ದೊಡ್ಡ ಟಾರು ಅಂಗಳಕ್ಕೆ ಸುತ್ತಲೂ ನೀರು ಚಿಮ್ಮಿಸುತ್ತಾರೆ. ಅದರ ಮೇಲೆ ಬೇಕೆಂದೇ ಗಾಡಿ ಜಾರಿಸಿ, ಮತ್ತೆ ಹಿಡಿತಕ್ಕೆ ತರಬೇಕು. ಮೊದಲ ಸಲ ಹಿಂಬದಿ ಜಾರಿ ಗಿರ್ರೆಂದು ಸುತ್ತಿದೆ. ಎರಡನೆಯ ಸಲವೂ ಅದೇ.

“ಕೋನ್ ನೋಡಬೇಡಿ ಮೇಡಂ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ. ಕಣ್ಣು ಹೋದ ಕಡೆಗೇ ಗಾಡಿ ಹೋಗೋದು.”

ಮೂರನೆಯ ಸಲ ಸುತ್ತಿದಾಗ ನನಗೆ ಅಳು ಬರುವುದೊಂದು ಬಾಕಿ. “ಕ್ಷಮಿಸಿ, ಎಲ್ಲರ ಸಮಯ ಹಾಳು ಮಾಡ್ತಿದೀನಿ” ಎಂದೆ.

“ನಿಧಾನಕ್ಕೆ ಆಗಲಿ ಮೇಡಂ. ನಾನೇನು ಎಲ್ಲೂ ಎದ್ದು ಹೋಗ್ತಿಲ್ಲ.”

ಕರಕರ ಎನ್ನುವ ವಾಕಿಟಾಕಿಯಲ್ಲಿ ಬಂದ ಆ ದನಿ, ಆ ವಾಕ್ಯ. ಅದನ್ನು ನಾನು ಮೊದಲೇ ಕೇಳಿದ್ದೆ.

ಎಂಟು ವರ್ಷದ ಹಿಂದೆ ಆ್ಯಶ್‌ವಿಲ್‌ನ ಒಬ್ಬ ಮನುಷ್ಯ, ವೆಂಡೆಲ್ ರೇನಿ, ಮಳೆ ನಿಂತ ರಸ್ತೆಯಲ್ಲಿ ತನ್ನ ಪಿಕಪ್ ಟ್ರಕ್ಕನ್ನು ಕಂಬಕ್ಕೆ ಗುದ್ದಿ ಸೊಂಟ ಮುರಿದುಕೊಂಡಿದ್ದ. ನಾಯಿ ಅಡ್ಡ ಬಂತು ಎಂದ. ನಾಯಿಯನ್ನು ಬೇರೆ ಯಾರೂ ನೋಡಿರಲಿಲ್ಲ. ಟೈರು ಪರೀಕ್ಷೆಗೆ ಗಾಡಿ ಓಡಿಸುವುದೇ ಅವನ ಕಸುಬು. ಅಂಥವನು ಒದ್ದೆ ರಸ್ತೆಯಲ್ಲಿ ಜಾರಿದನಂತೆ ಎಂದು ನಾನು ನಂಬಲಿಲ್ಲ. ಹನ್ನೊಂದು ವಾರ, ಪ್ರತಿ ಗುರುವಾರ ಮೂರು ಗಂಟೆಗೆ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳಿದೆ. ಹೊತ್ತಾಯಿತು ಎಂದಾಗಲೆಲ್ಲ ಹಾಸಿಗೆ ಹಿಡಿದಿದ್ದ ಆತ ಹೇಳುತ್ತಿದ್ದದ್ದು ಇದೇ ಮಾತು. ಅವನ ಮುಖ ನಾನು ಒಮ್ಮೆಯೂ ನೋಡಿರಲಿಲ್ಲ.

ವೆಂಡೆಲ್. ಡೆಲ್.

ಊಟಕ್ಕೆ ಕೊಟ್ಟ ಹಂದಿಮಾಂಸದ ಸ್ಯಾಂಡ್‌ವಿಚ್ ಹಾಗೇ ಪಕ್ಕಕ್ಕೆ ಸರಿಸಿದೆ. ನೋವಿನಲ್ಲಿ ಮಲಗಿದ್ದವನನ್ನು ಎಷ್ಟು ಸಲ ಸುಳ್ಳುಗಾರ ಎನ್ನುವ ಹಾಗೆ ಮಾತಾಡಿಸಿದ್ದೆ! ಈಗ ಹೆಸರು ಅಳಿಸಿ ನನ್ನನ್ನು ಬೇಕೆಂದೇ ಆರಿಸಿಕೊಂಡಿದ್ದಾನೆ. ಎಲ್ಲರೆದುರಿಗೆ ನೀರಿನಲ್ಲಿ ಸುತ್ತಿಸಿದ್ದಾನೆ. ಕೊನೆಯಲ್ಲಿ ತರಬೇತುದಾರರು ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರಾ ವೇಗದಲ್ಲಿ ಎರಡು ಸುತ್ತು ಹೊಡೆಸುವುದು ಇಲ್ಲಿಯ ಪದ್ಧತಿ. ಸೇಡು ತೀರಿಸಿಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ?

ಅವನು ಬಾಗಿಲು ತೆರೆದು ನಿಂತ. “ಬರ್ತೀರಾ ಮೇಡಂ? ಬೇಡ ಅಂದ್ರೆ ಬಲವಂತ ಇಲ್ಲ.”

ಹೆದರಿಕೆಗಿಂತ ನನ್ನ ಕುತೂಹಲ ಯಾವಾಗಲೂ ದೊಡ್ಡದು. ಹತ್ತಿದೆ.

ಎರಡು ಸುತ್ತಿನಲ್ಲಿ ನಾನು ಮೂರು ಸಲ ದೇವರನ್ನು ಕರೆದೆ. ನೀರಿನ ಅಂಗಳದಲ್ಲಿ ಕಾರು ಅಡ್ಡಡ್ಡ ಜಾರುತ್ತಿದ್ದರೂ ಅವನ ಬೆರಳುಗಳು ಸ್ಟೇರಿಂಗ್ ಮೇಲೆ ಹಗುರವಾಗಿಯೇ ಇದ್ದವು. ಒಂದು ಕೋನ್ ಕೂಡ ಮುಟ್ಟಲಿಲ್ಲ. ಕಾರು ನಿಂತಿತು. ಕಿಟಕಿಯ ಮೇಲೆ ನೀರು ಇಳಿಯುತ್ತಿತ್ತು.

“ನಾಯಿ ಯಾವ ಬಣ್ಣ?” ಎಂದು ಕೇಳಿದೆ.

ಅವನು ಎಂಜಿನ್ ಆರಿಸಿದ. “ಕಂದು. ಬಲಗಿವಿ ಬಿಳಿ.”

“ನನ್ನನ್ನ ಯಾಕೆ ಆರಿಸ್ಕೊಂಡ್ರಿ?”

“ಪಟ್ಟೀಲಿ ನಿಮ್ಮ ಹೆಸರು ನೋಡಿದೆ. ಮಾತಾಡಿಸ್ಬೇಕು ಅನ್ನಿಸ್ತು. ನಾನು ಇಂಥವನು ಅಂತ ಬೆಳಿಗ್ಗೇನೇ ಹೇಳಿದ್ರೆ ನೀವು ಬೇರೆಯವರನ್ನ ಕೇಳ್ತಿದ್ರಿ.”

“ಕೇಳ್ತಿದ್ದೆ. ಎಂಟು ವರ್ಷ ಏನು ಮಾಡ್ತಿದ್ರಿ?”

“ಹುಡುಕಿ ಫೋನ್ ಮಾಡಿದ್ರೆ ಪೊಲೀಸರಿಗೆ ಹೇಳ್ತಿದ್ರಿ.”

“ಅದೂ ಹೌದು.”

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಆ ಮೂರು ತಿಂಗಳು ಮನೆಗೆ ಬರೋಳು ನರ್ಸ್ ಒಬ್ಬಳೇ. ಫೋನ್ ಮಾಡೋರು ನೀವೊಬ್ಬರೇ. ಬೈತಿದ್ರಿ, ಐಸ್ ಕಟಕಟ ಅಂತ ಅಗೀತಿದ್ರಿ. ಆದರೂ ಬುಧವಾರದಿಂದಾನೇ ಕಾಯ್ತಿದ್ದೆ. ಒಂದು ಕೇಳ್ಲಾ? ಕೊನೆಗೆ ನನ್ನ ಮಾತು ನಂಬಿ ಕ್ಲೇಮು ಯಾಕೆ ಕೊಡಿಸಿದ್ರಿ?”

ಇದಕ್ಕೆ ನನ್ನ ಬಳಿ ಉತ್ತರ ಸಿದ್ಧವಿತ್ತು. “ಮೊದಲೆಲ್ಲ ಬಲಗಿವಿ ಅಂತಿದ್ದ ನೀವು ನಾಲ್ಕನೇ ವಾರ, ಎಡಗಿವಿ ಬಿಳಿ ಇತ್ತೋ ಏನೋ ಗೊತ್ತಾಗ್ತಿಲ್ಲ ಅಂದ್ರಿ. ಸುಳ್ಳು ಹೇಳೋನು ಒಪ್ಪಿಸಿದ ಪಾಠ ಬದಲಾಯಿಸಲ್ಲ. ತಡವರಿಸೋದು ನಿಜ ಹೇಳೋನು. ಈಗಲೂ ಹೊಸಬರಿಗೆ ಇದೇ ಉದಾಹರಣೆ ಕೊಡ್ತೀನಿ, ಎಂಟು ವರ್ಷದಿಂದ.”

ಅವನ ಮುಖ ಕೆಂಪಾಯಿತು. “ಅಯ್ಯೋ ಮೇಡಂ.”

“ಏನು ಅಯ್ಯೋ?”

“ಬಲಗಿವಿ ಅಂತ ಚೆನ್ನಾಗೇ ನೆನಪಿತ್ತು. ಅವತ್ತು ನೀವು, ಇದೇ ಕೊನೇ ಫೋನು, ಇನ್ನು ಮಾಡಲ್ಲ ಅಂದ್ರಿ. ಏನಾದರೂ ಗೊಂದಲ ಮಾಡಿದ್ರೆ ಮುಂದಿನ ಗುರುವಾರ ಮತ್ತೆ ಮಾಡ್ತೀರಿ ಅಂತ…”

ನಾಯಿ ನಿಜ, ತಡವರಿಕೆ ಸುಳ್ಳು. ಆ ಒಂದು ಸುಳ್ಳನ್ನು ಹಿಡಿದು ನಾನು ಅವನನ್ನು ಸತ್ಯವಂತ ಎಂದು ಬರೆದಿದ್ದೆ! ಮೈ ಉರಿದುಹೋಯಿತು. ಬಾಗಿಲು ದಡಾರೆಂದು ಹಾಕಿ ಇಳಿದೆ.

ಮಧ್ಯಾಹ್ನ ದೀಪಗಳ ಕೆಳಗೆ ಮುಸುಕು ಸರಿಸಿ ನನ್ನ ಕಡುಹಸಿರು ಕಾರು ತೋರಿಸಿದರು. ಓಪಲ್ ಅಜ್ಜಿ ಚಪ್ಪಾಳೆ ತಟ್ಟಿದಳು. “ಕಾರಿಗೇನಾಯ್ತೇ, ಹೀಗೆ ಮುಖ ಊದಿಸ್ಕೊಂಡಿದೀಯ?” ಎಂದು ಕಿವಿಯಲ್ಲಿ ಕೇಳಿದಳು. ಡೆಲ್ ಗುಂಡಿಗಳನ್ನೆಲ್ಲ ವಿವರಿಸಿದ, ಒಮ್ಮೆಯೂ ತಲೆ ಎತ್ತಲಿಲ್ಲ. ಕೊನೆಗೆ ಕೈಪಿಡಿಯ ಹಿಂಬದಿಯಲ್ಲಿ ತನ್ನ ನಂಬರ್ ಬರೆದು ಕೊಟ್ಟ.

“ಕಾರಿನ ಬಗ್ಗೆ ಏನಾದರೂ ಅನುಮಾನ ಬಂದ್ರೆ ಮೇಡಂ.”

“ನನಗೆ ಎಲ್ಲದರ ಮೇಲೂ ಅನುಮಾನಾನೇ” ಎಂದು ಹೊರಟೆ. ಬೆಟ್ಟದ ರಸ್ತೆಯಲ್ಲಿ ನಾಕ್ಸ್‌ವಿಲ್‌ವರೆಗೂ ಪಕ್ಕದ ಸೀಟಿನ ಮೇಲೆ ಆ ಕೈಪಿಡಿಯೊಂದೇ ಇತ್ತು.

ಬುಧವಾರ ಹಳೆಯ ಫೈಲು ತೆಗೆಸಿದೆ. ಅವನು ಹೇಳಿದ್ದನ್ನು ಪರೀಕ್ಷಿಸದೆ ಒಪ್ಪುವವಳು ನಾನಲ್ಲ. ನಾಲ್ಕನೇ ವಾರದ ರೆಕಾರ್ಡಿಂಗ್ ಕಿವಿಗೆ ಹಾಕಿಕೊಂಡು ಕೂತೆ. ಮೊದಲು ನನ್ನ ದನಿ: ಈ ಮಾತು ರೆಕಾರ್ಡ್ ಆಗುತ್ತದೆ, ನಿಮ್ಮ ಒಪ್ಪಿಗೆ ಇದೆಯೇ? ಅವನ “ಹೂಂ ಮೇಡಂ.” ಇದೇ ಕೊನೇ ಫೋನು ಎನ್ನುವ ನನ್ನ ಮಾತು. ಪ್ರಶ್ನೆ. ಆಮೇಲೆ ದೀರ್ಘ ಮೌನ. ಹಾಸಿಗೆಯಲ್ಲಿದ್ದ ಒಬ್ಬ ಮನುಷ್ಯ ಒಂದು ಸುಳ್ಳಿಗಾಗಿ ತಡಕಾಡುತ್ತಿರುವುದು ಈಗ ಸ್ಪಷ್ಟವಾಗಿ ಕೇಳಿಸಿತು. “ಎಡಗಿವಿ ಬಿಳಿ ಇತ್ತೋ ಏನೋ…”

ಹೌದು, ಕಾರಿನಲ್ಲಿ ಅವನು ನನಗೆ ಹೇಳಿದ್ದು ನಿಜವೇ. ಆದರೆ ನಾನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಅದರ ಹಿಂದೆಯೇ ನನ್ನ ದನಿ ಬಂತು: “ಹಾಗಾದ್ರೆ ಮುಂದಿನ ಗುರುವಾರ ಮತ್ತೆ ಫೋನ್ ಮಾಡ್ಲೇಬೇಕಾಗುತ್ತೆ, ಮಿಸ್ಟರ್ ರೇನಿ.”

ಮೂರು ಸಲ ಕೇಳಿದೆ. ಅದು ತನಿಖೆ ಮಾಡುವವಳ ದನಿಯಾಗಿರಲಿಲ್ಲ. ಆ ಹೆಂಗಸಿಗೆ ಖುಷಿಯಾಗಿತ್ತು. ಎಂತಹ ಖುಷಿ ಎಂದರೆ, ಐಸ್ ಅಗಿಯುವುದನ್ನೂ ಮರೆತಿದ್ದಳು. ಅವನಿಗಿಂತ ದೊಡ್ಡ ಸುಳ್ಳುಗಾರ್ತಿ ಎಂಟು ವರ್ಷದಿಂದ ನನ್ನ ಕುರ್ಚಿಯಲ್ಲೇ ಕೂತಿದ್ದಳು.

ಮಾರನೆಯ ದಿನ ಮಧ್ಯಾಹ್ನ ಆಫೀಸಿನ ಹಿಂದೆ ನಿಲ್ಲಿಸಿದ್ದ ಹಸಿರು ಕಾರಿನಲ್ಲಿ ಹೋಗಿ ಕೂತೆ. ಸರಿಯಾಗಿ ಮೂರು ಗಂಟೆಗೆ ನಂಬರ್ ಒತ್ತಿದೆ. ಮೊದಲ ರಿಂಗ್ ಪೂರ್ತಿ ಮುಗಿಯುವ ಮೊದಲೇ ಎತ್ತಿದ.

“ಮಿಸ್ಟರ್ ರೇನಿ, ನಾನು ನಡೀನ್ ಓವರ್ಬಿ.” ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡೆ. “ಕಾರು ಪಳಗಿಸೋಕೆ ಇನ್ನೂ ಸಾವಿರ ಮೈಲಿ ಬಾಕಿ ಇದೆ. ನಿಮ್ಮ ಸೆಂಟರಿನ ಕಡೆ ಮೂರು ಸಲ ಬಂದು ಹೋದ್ರೆ ಸರಿಹೋಗುತ್ತೆ ಅಂತ ಕಾಣುತ್ತೆ. ಅದಕ್ಕೆ ಮೊದಲು ಕೆಲವು ಪ್ರಶ್ನೆ ಇವೆ. ಹೊತ್ತಾಗಬಹುದು.”

“ನಿಧಾನಕ್ಕೆ ಆಗಲಿ ಮೇಡಂ” ಎಂದ. ದನಿ ಒದ್ದೆಯಾಗಿತ್ತು. “ನಾನೇನು ಎಲ್ಲೂ ಎದ್ದು ಹೋಗ್ತಿಲ್ಲ.”

“ಈ ಮಾತು ರೆಕಾರ್ಡ್ ಆಗ್ತಿಲ್ಲ” ಎಂದೆ. “ನಿಮ್ಮ ಒಪ್ಪಿಗೆ ಇದೆಯಾ?”