ಬೆಳಕುಮರೆ ಮತ್ತು ಮಾಬುಸಾಬರ ಕೈಗಳು

ಗದಗ ಸೀಮೆಯ ಒಂದು ತರಬೇತಿ ಕೇಂದ್ರದ ಕತ್ತಲ ಕೋಣೆಯಲ್ಲಿ, ಮೇಜಿನ ಮೇಲಿದ್ದ ಪಂಪ್‌ಸೆಟ್ಟಿನ ಮೋಟರು ಗಾಜಿನದ್ದೇನೋ ಎಂಬಂತೆ ತನ್ನ ಒಡಲು ತೆರೆದು ತೋರಿಸುತ್ತಿತ್ತು. ಮಾಡಿನ ನಡುವೆ ತೂಗುಹಾಕಿದ್ದ, ಇಡೀ ಕೋಣೆಗೆ ಬೆಳಕು ಬೀರಬಲ್ಲ ಪ್ರೊಜೆಕ್ಟರು ಒಳಗಿನ ತಂತಿಸುರುಳಿಗಳ ಚಿತ್ರವನ್ನು ಹೊರಕವಚದ ಮೇಲೆಯೇ, ಕೂದಲೆಳೆಯಷ್ಟೂ ತಪ್ಪದಂತೆ ಮೂಡಿಸಿತ್ತು.

ಮೊದಲಾದರೆ ಒಂದು ಪೇಚಿತ್ತು. ಪಾಠ ಹೇಳುವವರು ಅಡ್ಡ ಬಂದರೆ ಚಿತ್ರ ಅವರ ಮೋರೆ, ಅಂಗಿಯ ಮೇಲೆಲ್ಲ ಹರಿದು ಕಣ್ಣು ಕುಕ್ಕುತ್ತಿತ್ತು. ವಿಜ್ಞಾನಿ ವನಮಾಲಾ ಇಟಗಿ ಅದಕ್ಕೆಂದೇ 'ಬೆಳಕುಮರೆ' ಕಂಡುಹಿಡಿದಿದ್ದರು. ಕತ್ತಲಲ್ಲೂ ಕಾಣಬಲ್ಲ ಕ್ಯಾಮೆರಾ ಮನುಷ್ಯರ ಆಕಾರವನ್ನು ಗುರುತಿಸುತ್ತದೆ. ತಂತ್ರಾಂಶ ಚಿತ್ರದಿಂದ ಅಷ್ಟೇ ಭಾಗವನ್ನು ಕತ್ತರಿಸುತ್ತದೆ. ಮನುಷ್ಯ ಸರಿದರೆ ಮರೆಯೂ ಸರಿಯುತ್ತದೆ. ಶಿಕ್ಷಕ ಮಾಬುಸಾಬ ನದಾಫರ ಮೇಲೆ ಒಂದು ಕಿರಣವೂ ಬೀಳಲಿಲ್ಲ. ವನಮಾಲಾ ಹಿಗ್ಗಿದರು.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಮಾಬುಸಾಬರು ದೀಪ ಹಾಕಿ, ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದರು: "ಮೇಡಂ, ನೀವು ನನ್ನ ಬಾಯಿ ಕಟ್ಟಿಬಿಟ್ರಿ."

ಅಯ್ಯೋ ದೇವರೆ! ಶಿಕ್ಷಕರಿಗೂ ಕಿವಿ ಕೇಳಿಸದು, ಕಲಿಯಲು ಬಂದ ಇಪ್ಪತ್ತು ಮಂದಿಗೂ ಕೇಳಿಸದು. ಅಲ್ಲಿ ಕೈಗಳೇ ಮಾತು. ಆ ಕೈಗಳನ್ನೇ ಕತ್ತಲಿಗೆ ನೂಕಿದ್ದಾಯಿತು. ಇಷ್ಟು ಓದಿಯೂ ಇದು ಹೊಳೆಯಲಿಲ್ಲವಲ್ಲ ಎಂದು ವನಮಾಲಾಗೆ ನಾಚಿಕೆಯಾಯಿತು.

ಬಾಗಿಲಲ್ಲಿದ್ದ ಮೇಲ್ವಿಚಾರಕ ಗುಂಡಪ್ಪ, "ಹೋಗ್ಲಿ ಬಿಡ್ರಿ. ನಾಳಿಂದ ಬರೇ ಚಿತ್ರಾನ ತೋರಿಸೂಣು. ಮಾಸ್ತರ್ ಯಾಕ ಬೇಕು?" ಎಂದರು.

ಮಾಬುಸಾಬರು ಆ ತುಟಿಗಳನ್ನು ಓದಿದರು. ಹನ್ನೆರಡು ವರ್ಷದ ಕೆಲಸ. ಅವರ ಮುಖ ಬಾಡಿತು.

"ಐದು ನಿಮಿಷ ತಡೀರಿ!" ಎಂದ ವನಮಾಲಾ ಗಣಕದ ಮುಂದೆ ಕುಳಿತು ಮರೆಯನ್ನು ತಿರುವಿಹಾಕಿದರು. ಮೈಗೆ ಕತ್ತಲು, ಮುಖಕ್ಕೆ ಮಂದ ಬೆಳಕು, ಕೈ ಕಂಡಲ್ಲೆಲ್ಲ ಅಚ್ಚ ಬಿಳಿ ಬೆಳಕು. ದೀಪ ಆರಿಸಿದಾಗ ಮಾಬುಸಾಬರ ಎರಡೂ ಕೈಗಳು ಬೆಳಗಿದವು, ಪಾಠ ಸರಾಗವಾಗಿ ಸಾಗಿತು. ಉಸ್ಸಪ್ಪಾ ಎಂದು ವನಮಾಲಾ ಕುರ್ಚಿಗೆ ಒರಗಿದರು.

ಅಷ್ಟರಲ್ಲಿ ಕೊನೆಯ ಸಾಲಿನಲ್ಲೂ ಎರಡು ಕೈ ಬೆಳಗಿದವು! ನಲವತ್ತು ದಾಟಿದ ಚೆನ್ನವ್ವ ಏನೋ ಕೇಳುತ್ತಿದ್ದಳು. ಕೈ ಗುರುವಿನದೋ ಶಿಷ್ಯರದೋ, ಯಂತ್ರಕ್ಕೇನು ಗೊತ್ತು? ಹಿಂದೆ ಕುಳಿತವರ ಮಾತು ಈ ಕತ್ತಲಲ್ಲಿ ಮುಂದಿನವರಿಗೆ ಎಂದೂ ಕಂಡಿರಲಿಲ್ಲ. ಈಗ ಇಡೀ ಕೋಣೆ ಹೊರಳಿ ನೋಡಿತು. ಮಾಬುಸಾಬರು ಮೋಟರಿನತ್ತ ಬಾಗಿ ನೋಡಿ, ಹೌದೆಂದು ಕೈಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಂದ್ಳು?" ವನಮಾಲಾ ಕೇಳಿದರು.

ಗುಂಡಪ್ಪನಿಗೆ ಕೈಮಾತು ಬರುತ್ತಿತ್ತು. "ನಿಮ್ಮ ಚಿತ್ರದಾಗ ತಂತಿ ಉಲ್ಟಾ ಸುತ್ತೈತಂತ್ರಿ. ಹಿಂಗ ಸುತ್ತಿದ್ರ ಮೋಟರ್ ಹಿಂದಕ್ಕ ತಿರಗತೈತಿ, ನೀರು ಎತ್ತಂಗಿಲ್ಲ ಅಂತಾಳ. ಮಾಸ್ತರೂ ಖರೇ ಅಂದ್ರು."

ವನಮಾಲಾ ಕಣ್ಣೊರೆಸಿಕೊಂಡು ನಕ್ಕರು. ತಮ್ಮ ತಪ್ಪು ಹೊರಬಿದ್ದಾಗ ಇಷ್ಟು ಹಗುರವಾಗಿ ಅವರು ಎಂದೂ ನಕ್ಕಿರಲಿಲ್ಲ.

ಗುಂಡಪ್ಪ ಮೆಲ್ಲಗೆ ಹೇಳಿದರು: "ಮಾಸ್ತರ್ ಇರಲೇಬೇಕ್ರಿ."