ಹಂಪಯ್ಯನವರ ತುಟಿಯ ಬಿಳಿ ಪುಡಿ

"ಪೊಲೀಸರು ಶಿವದೇವಿನ್ನ ಒಯ್ಯೂದ್ರೊಳಗ ಬರ್ರಿ ಕಾಕಾ!" ಎಂದು ಶಾಂಭವಿ ಗೊಲ್ಲಾಳಪ್ಪನಿಗೆ ಫೋನು ಮಾಡಿ ಅತ್ತಳು. ಅವಳು ಬೆಳಗಿನ ಪಾಳಿಗೆ ಆಫೀಸಿಗೆ ಹೋಗಿದ್ದಾಗ ತಂದೆ ಹಂಪಯ್ಯ ತೀರಿಕೊಂಡಿದ್ದರು. ಅಡುಗೆಯ ಶಿವದೇವಿಯೇ ವಿಷ ಹಾಕಿದಳೆಂದು ಅಳಿಯ ಭೀಮಾಶಂಕರನ ದೂರು.

ಗೊಲ್ಲಾಳಪ್ಪನೂ ನಾನೂ ಒಂದೇ ಕಾರ್ಖಾನೆಯಿಂದ ನಿವೃತ್ತರಾದವರು. ಈ ತೆಲುಗು ಊರಿನ ಕನ್ನಡದವರ ಮನೆಗಳ ಗುಟ್ಟು ಬಿಡಿಸುವುದು ಅವನ ಕೆಲಸ, ಸ್ಕೂಟರ್ ಓಡಿಸುವುದು ನನ್ನ ಹಣೆಬರಹ. ಹಿಮಾಯತ್‌ನಗರದಿಂದ ಮಣಿಕೊಂಡಕ್ಕೆ ಧೂಳು ಕುಡಿಯುತ್ತ ಹೋದೆವು.

ಹೆಣದ ಬನಿಯನ್ ಬೆವರಿಗೆ ತೊಯ್ದಿತ್ತು. ತುಟಿಗೆ ಬಿಳಿ ಪುಡಿ ಅಂಟಿತ್ತು. ದಿಂಬಿನ ಮೇಲೆ ಇರುವೆ ಸಾಲು.

"ಇಂಟರ್ನೆಟ್‌ನ್ಯಾಗ ಎಲ್ಲಾ ಓದೀನ್ರಿ," ಎಂದು ಸಾಫ್ಟ್‌ವೇರ್ ಮ್ಯಾನೇಜರ್ ಭೀಮಾಶಂಕರ ಪ್ರಿಂಟ್ ಹಾಳೆಗಳನ್ನು ಕೊಡವಿದ. "ಬೆವರು, ನಡುಕ, ಬಿಳಿ ಪುಡಿ. ಇಲಿ ಪಾಷಾಣನ ಇದು! ಬಾಯಿಗೆ ತುರುಕೂ ಮುಂದ ನಾನ ಹಿಡಿದೆ. ಬಾಯಿ ಒರೆಸಿ, ಆಕಿನ್ನ ಅಡಗಿಮನ್ಯಾಗ ಕೂಡಿ ಹಾಕೀನಿ. ಆಂಬುಲೆನ್ಸ್ ಬರೂದ್ರೊಳಗ ಹೋಗಿಬಿಟ್ರು."

ಸಾಲು ಸಾಲು ಅಕ್ಷರ ನೋಡಿ ನಾನೂ ನಂಬಿದೆ. ನಾಚಿಕೆಯಾಗುತ್ತದೆ.

ಗೊಲ್ಲಾಳಪ್ಪ ಚಿಲಕ ತೆಗೆಸಿ ಅಡುಗೆಮನೆ ನೋಡಿದ. ಒಲೆ ಹಚ್ಚಿರಲಿಲ್ಲ. ಶ್ರಾವಣ ಸೋಮವಾರ, ಯಜಮಾನರು ಒಪ್ಪತ್ತು ಎಂದಳು ಶಿವದೇವಿ. ಮೇಜಿನ ಮೇಲಿನ ಸಕ್ಕರೆ ಕಾಯಿಲೆಯ ಔಷಧಿ ಚೀಟಿಯಲ್ಲಿ "ಊಟದ ನಂತರ ಒಂದು" ಎಂದಿತ್ತು. ಪಕ್ಕದ ಹೊಸ ಮಾತ್ರೆ ಸ್ಟ್ರಿಪ್‌ನಲ್ಲಿ ಎರಡು ಖಾಲಿ.

"ಇದರ ಮುಂದಿಂದು ನನಗ ಗೊತ್ತಿಲ್ಲ," ಎಂದು ಅವನು ವೈದ್ಯರಿಗೆ ಫೋನು ಮಾಡಿದ. ಆಮೇಲೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದ.

"ಎರಡು ಮಾತ್ರಿ ಯಾರು ಕೊಟ್ರಿ?"

"ನಾನ. ಒಂದಕ್ಕ ಶುಗರ್ ಇಳಿಯಂಗಿಲ್ಲ ಅಂತ ವೆಬ್‌ಸೈಟ್‌ನ್ಯಾಗ ಇತ್ತು."

"ಉಂಡಾರೇನು ಅಂತ ಕೇಳಿದ್ರೇನು?"

ಭೀಮಾಶಂಕರ ಕೈಯಲ್ಲಿದ್ದ ಹಾಳೆಗಳನ್ನು ಮತ್ತೆ ತಿರುವಿದ.

"ಖಾಲಿ ಹೊಟ್ಟಿಗೆ ಎರಡು ಮಾತ್ರಿ. ಶುಗರ್ ಪೂರಾ ಇಳೀತು, ಡಾಕ್ಟರ್ರೂ ಅದನ್ನ ಅಂದ್ರು. ಬೆವರು, ನಡುಕ ಅದರದ. ಪಾಷಾಣಕ್ಕ ಇರುವಿ ಹಿಂಗ ಮುತ್ತಂಗಿಲ್ಲ. ಆ ಪುಡಿ ಸಕ್ಕರಿ. ಜೀವ ಉಳಸೂದು ಅದೊಂದ ಇತ್ತು. ಅದನ್ನ ನೀವ ಒರಸಿದ್ರಿ."

ಶಾಂಭವಿ ಶಿವದೇವಿಯ ಕೈ ಹಿಡಿದಳು. "ನೀ ಯಾಕ ಹೇಳ್ಲಿಲ್ಲ?"

"ಹೇಳಿದ್ನೆವ್ವಾ. ನಮ್ಮವ್ವಗ ಹಿಂಗಾದಾಗ ಸಕ್ಕರೀನ ಹಾಕ್ತಿದ್ವಿ ಅಂದೆ. ಸಾಹೇಬ್ರು ಹಾಳಿ ತೋರ್ಸಿದ್ರು. ಅಷ್ಟು ಓದಿದವ್ರು ತಪ್ಪತಾರೇನು, ನನಗ ತಿಳೀಲಿಲ್ಲೇನೋ ಅಂತ ಸುಮ್ಮನಾದೆ."

ಅಷ್ಟರಲ್ಲಿ ಪೊಲೀಸರು ಬಂದು, ದೂರು ಕೊಟ್ಟವರು ಯಾರೆಂದು ತೆಲುಗಿನಲ್ಲಿ ಕೇಳಿದರು. ಶಾಂಭವಿ ಗಂಡನತ್ತ ಕೈ ತೋರಿಸಿದಳು. ದೂರು ಕೊಟ್ಟವರೂ ಇವರೇ, ನಮ್ಮಪ್ಪನನ್ನು ಕೊಂದವರೂ ಇವರೇ ಎಂದು ಅದೇ ತೆಲುಗಿನಲ್ಲಿ ಹೇಳಿದಳು.