ಸಹಿಯಿಲ್ಲದೆ ಬದಲಿಸಿದ ತಿಂಗಳು

ಅವರು ಮೊದಲ ಸಲ ನನ್ನ ಮೇಜಿನ ಮುಂದೆ ಬಂದು ನಿಂತಾಗ ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಡ್ಯೂಟಿ ಚಾರ್ಟ್ ಹಚ್ಚಿದ ದಿನ ನನ್ನ ಹತ್ತಿರ ಬರುವವರೆಲ್ಲ ಜಗಳಕ್ಕೇ ಬರುತ್ತಾರೆ.

ಮೆಡಿಸಿನ್ ವಿಭಾಗದಲ್ಲಿ ಇಪ್ಪತ್ತನಾಲ್ಕು ಜನ ರೆಸಿಡೆಂಟ್ ಡಾಕ್ಟರುಗಳು ತರಬೇತಿಯಲ್ಲಿದ್ದಾರೆ. ಯಾರಿಗೆ ಯಾವ ತಿಂಗಳು ವಾರ್ಡ್, ಯಾರಿಗೆ ಓಪಿಡಿ, ಯಾರಿಗೆ ಐಸಿಯು ಎಂದು ಚಾರ್ಟ್ ಹಾಕುವವಳು ನಾನು. ಹಾಕಿದ ಮೇಲೆ ಮೂರು ಸಲ ನೋಡುತ್ತೇನೆ. ಆದರೂ ಮನೆಗೆ ಹೋಗುವಾಗ ಬಸ್ಸಿನಲ್ಲಿ ಎದೆ ಧಸಕ್ಕೆನ್ನುತ್ತದೆ, ಯಾರ ಹೆಸರನ್ನೋ ಬಿಟ್ಟೆನೇನೋ ಎಂದು.

"ಚಾರ್ಟ್ ಮೇಡಂ, ಈ ಭಾನುವಾರ ಎರಡು ಕಡೆ ನನ್ನ ಹೆಸರಿದೆ" ಎಂದರು ಅವರು. ದಪ್ಪ ಗಾಜಿನ ಕನ್ನಡಕ. ಜೊತೆಯವರೆಲ್ಲ ಸೋಡಾಬುಡ್ಡಿ ಎಂದೇ ಕರೆಯುತ್ತಿದ್ದರು.

ನಾನು ಚಾರ್ಟನ್ನು ಹತ್ತಿರ ಎಳೆದುಕೊಂಡೆ. "ತಪ್ಪಾಯ್ತು ಡಾಕ್ಟ್ರೇ, ಈಗ್ಲೇ ಸರಿ ಮಾಡ್ತೀನಿ."

"ತಪ್ಪೆಲ್ಲಿ ಬಂತು? ಇಡೀ ಆಸ್ಪತ್ರೇಲಿ ನನ್ನನ್ನ ಎರಡೆರಡು ಸಲ ನೆನೆಸ್ಕೊಂಡಿರೋರು ನೀವೊಬ್ರೇ."

ನಗು ಕಾಣದಿರಲಿ ಎಂದು ಕಂಪ್ಯೂಟರಿನ ಹಿಂದೆ ಮುಖ ಮರೆಸಿದೆ. ಅವರು ಪಕ್ಕಕ್ಕೆ ಬಗ್ಗಿ ಇಣುಕಿದರು. "ನಕ್ರಿ ಬಿಡಿ. ಈಗ ಮೂರನೇ ಕಡೆ ಹಾಕಿದ್ರೂ ಬೇಜಾರಿಲ್ಲ."

ಅಂದಿನಿಂದ ಅವರ ಪೆನ್ನು ದಿನಾ ನನ್ನ ಮೇಜಿನ ಮೇಲೆ ಮರೆತುಹೋಗತೊಡಗಿತು. ರೌಂಡ್ಸ್ ಮುಗಿಸಿ ಅದನ್ನು ಹುಡುಕಿಕೊಂಡು ಬರುವರು. ಪೆನ್ನು ಕಣ್ಣೆದುರಿಗೇ ಇದ್ದರೂ ಐದು ನಿಮಿಷ ಹುಡುಕುವರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡುವರು. ನಾನು ಚಾರ್ಟಿನಲ್ಲಿ ಓದಿದ ಸಾಲನ್ನೇ ಮತ್ತೆ ಓದುವೆ. ಎಂಟು ತಿಂಗಳಲ್ಲಿ 'ನೀವು' ಹೋಗಿ 'ನೀನು' ಆಯಿತು, ಅವರ ಬಾಯಲ್ಲಿ. ನನಗೆ ಮಾತ್ರ ನಾಲಿಗೆ ಹೊರಳಲಿಲ್ಲ.

ನನ್ನನ್ನು ಸಾಕಿ ಓದಿಸಿದವಳು ನನ್ನಕ್ಕ. "ಅವಳನ್ನ ಬಂದು ನೋಡಿ. ಆಮೇಲೆ ಮುಂದಿನ ಮಾತು" ಎಂದು ಅವರಿಗೆ ಹೇಳಿದ್ದೆ.

ಒಂದು ಮಧ್ಯಾಹ್ನ, ವಾರದ ಹಿಂದೆ ಎಲ್ಲರಿಗೂ ಕರಡು ತೋರಿಸಿದ್ದ ಚಾರ್ಟನ್ನು ಅಂತಿಮವಾಗಿ ಹಚ್ಚಲು ಅರ್ಧ ಗಂಟೆ ಇರುವಾಗ ಅವರು ಬಂದರು. "ಮುಂದಿನ ತಿಂಗಳು ನನಗೆ ಐಸಿಯು ಹಾಕಿದ್ದೀಯ. ನಾನು ನಿಮ್ಮಕ್ಕನ ಮನೆಗೆ ಯಾವಾಗ ಬರ್ಲಿ, ಕನಸಲ್ಲಾ? ಗುಬ್ಬಿಗೆ ಓಪಿಡಿ ಇದೆ. ನಮ್ಮಿಬ್ರನ್ನ ಅದಲು ಬದಲು ಮಾಡು."

ಗುಬ್ಬಿ ಎಂದರೆ ಮೊದಲ ವರ್ಷದ ರೆಸಿಡೆಂಟ್, ಪುಟ್ಟ ಹುಡುಗಿ. "ಅವ್ರು ಈ ತಿಂಗಳೂ ಐಸಿಯುನಲ್ಲೇ ಇದ್ದಾರಲ್ಲ. ಎರಡು ತಿಂಗಳು ಒಟ್ಟಿಗೆ ಹಾಕೋ ಹಾಗಿಲ್ಲ. ಇಬ್ರ ಸಹೀನೂ ಬೇಕು."

"ಅವಳು ಒಪ್ಪಿದ್ದಾಳೆ ಮಾರಾಯ್ತಿ. ಸಹಿ ನಾಳೆ ಹಾಕ್ತಾಳೆ. ನನ್ನ ಮಾತು ಸಾಲ್ದಾ?"

ಸಾಲುತ್ತಿತ್ತು. ನಾಲ್ಕು ವರ್ಷದಲ್ಲಿ ಸಹಿಯಿಲ್ಲದೆ ಒಂದು ಹೆಸರನ್ನೂ ಅಲ್ಲಾಡಿಸದ ನಾನು ಅಂದು ಎರಡು ಹೆಸರು ಬದಲಿಸಿದೆ. ಸಂಜೆ ಅಕ್ಕನನ್ನು, ಮನೆಗೆ ಹೊಸ ಪರದೆ ತರೋಣವೇ ಎಂದು ಕೇಳಿದೆ.

ಮರುದಿನ ಗುಬ್ಬಿ ಬಂದಳು. ಸಹಿ ಹಾಕಲು ಅಲ್ಲ.

"ಅಕ್ಕಾ, ನಂಗೆ ಮತ್ತೆ ಐಸಿಯುನಾ? ಮುಂದಿನ ತಿಂಗಳು ಎಂಟನೇ ತಾರೀಕು ಅಮ್ಮಂಗೆ ಆಪರೇಷನ್. ಆ ತಿಂಗಳು ಓಪಿಡಿ ಇದೆ, ಸಂಜೆ ಅಮ್ಮನ ಹತ್ರ ಇರ್ಬೋದು ಅಂತ ತಾರೀಕು ತಗೊಂಡಿದ್ದೆ."

"ಸೋಡಾಬುಡ್ಡಿ ಡಾಕ್ಟ್ರು ನಿಮ್ಮನ್ನ ಕೇಳ್ಲಿಲ್ವಾ?"

"ಏನನ್ನ?"

ಹತ್ತು ನಿಮಿಷದಲ್ಲಿ ನಾವು ಮೂವರೂ ವಿಭಾಗದ ಮುಖ್ಯಸ್ಥೆಯ ಕೋಣೆಯಲ್ಲಿದ್ದೆವು. ದೊಡ್ಡ ಮೇಡಂ ಮೊದಲು ಕೇಳಿದ್ದು ಸೋಡಾಬುಡ್ಡಿ ಡಾಕ್ಟರನ್ನೇ. "ನೀನು ಬದಲಾವಣೆ ಕೇಳಿದ್ಯೇನಯ್ಯ?"

"ಇಲ್ಲ ಮೇಡಂ. ಚಾರ್ಟ್ ಹಾಕೋದು ಆಫೀಸಿನವರು. ಏನೋ ಕಣ್ತಪ್ಪಿರ್ಬೇಕು."

ಆಫೀಸಿನವರು. ನಾನು ಅವರ ಮುಖ ನೋಡಿದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. ಒಂದು ಕ್ಷಣ ನನ್ನ ಮೇಲೇ ಅನುಮಾನ ಬಂತು. ಅವರು ಕೇಳಿಯೇ ಇರಲಿಲ್ಲವೇ? ನಾನೇ ಆಸೆಪಟ್ಟು ಬದಲಿಸಿದೆನೇ?

"ನಾಲ್ಕು ಗಂಟೆಯೊಳಗೆ ಏನಾಯ್ತು ಅಂತ ಬರೆದು ಕೊಡಮ್ಮ" ಎಂದರು ಮೇಡಂ.

ನಾನು ಹೊರಗೆ ಬಂದಾಗ ಡಾಕ್ಟರು ಮೆಟ್ಟಿಲ ಬಳಿ ಕಾಯುತ್ತಿದ್ದರು. "ಕೋಪ ಮಾಡ್ಕೋಬೇಡ. ಹೃದಯರೋಗದ ಮುಂದಿನ ಓದಿಗೆ ನನ್ನ ಪರೀಕ್ಷೆ ಇದೆ, ಮುಂದಿನ ತಿಂಗಳ ಕೊನೇಲಿ. ಮೇಡಂ ಶಿಫಾರಸು ಪತ್ರ ಕೊಡ್ದಿದ್ರೆ ನನ್ನ ಕಥೆ ಮುಗೀತು. ನಿನಗಾದ್ರೆ ಎರಡು ಮಾತು ಬೈತಾರೆ, ಅಷ್ಟೇ."

"ಪರೀಕ್ಷೆ ಈ ಊರಲ್ಲಾ?"

"ಅಲ್ಲ. ಸೀಟು ಸಿಕ್ರೆ ಮೂರು ವರ್ಷ ಅಲ್ಲೇ."

"ಅಂದ್ರೆ ಸಂಜೆ ಬಿಡುವು ಬೇಕಾಗಿದ್ದು ಓದೋಕೆ. ಅಕ್ಕನ್ನ ನೋಡೋಕಲ್ಲ."

"ಅದೂ ಇತ್ತು" ಎಂದರು.

'ಇಲ್ಲ' ಎಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನ್ನ ಇಡೀ ಬದುಕು ಅವರ ಒಂದು 'ಅದೂ'ನಲ್ಲಿ ಹಿಡಿಸಿತ್ತು.

"ಗುಬ್ಬಿ ತಾಯಿಗೆ ಆಪರೇಷನ್ ಅಂತ ಗೊತ್ತಿತ್ತಾ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ, "ನನ್ನ ಮೇಲೆ ಪ್ರೀತಿ ಇದ್ರೆ ನನ್ನ ಹೆಸರು ಬರೀಬೇಡ" ಎಂದರು.

"ಪ್ರೀತಿ ಇದೆ ಡಾಕ್ಟ್ರೇ. ಆದ್ರೆ ಆ ಹುಡುಗಿ ಅಮ್ಮನ್ನ ಆಸ್ಪತ್ರೇಲಿ ಒಂಟಿಯಾಗಿ ಮಲಗಿಸಿ, ನಿಮ್ಮನ್ನ ಮನೆಗೆ ಕರೆಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಬರೆಯಲು ಕೂತೆ. ಮೂರು ಹಾಳೆ ಹರಿದೆ. ಒಂದರಲ್ಲಿ ತಪ್ಪೆಲ್ಲ ನನ್ನದಾಯಿತು, ಇನ್ನೊಂದರಲ್ಲಿ ಎಲ್ಲ ಅವರದು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಅವರು ಬಾಯಿಮಾತಿನಲ್ಲಿ ಕೇಳಿದರು, ನಾನು ನಿಯಮ ಮೀರಿ ಬದಲಿಸಿದೆ.

ಮೇಡಂ ಓದಿದರು. ಡಾಕ್ಟರನ್ನು ಮತ್ತೆ ಕರೆಸಿದರು. "ಐಸಿಯು ನಿಂದೇ. ಪತ್ರದ ವಿಷಯ ಆಮೇಲೆ ನೋಡೋಣ" ಎಂದರು. ಅವರು ಬಾಗಿಲ ಹತ್ತಿರ ಹೋದಾಗ ಮೇಡಂ ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ಸಹಿ ಇಲ್ದೆ ಒಂದು ಕೆಲಸ ಮಾಡಿದವಳಲ್ಲ ನೀನು. ಇವನು ಹೇಳಿದ ಅಂತ ಹೇಗೆ ಮಾಡ್ದೆ? ಇವನು ನಿನಗೆ ಏನಾಗ್ಬೇಕು?"

ಬಾಗಿಲ ಹಿಡಿಯ ಮೇಲೆ ಅವರ ಕೈ ಹಾಗೇ ನಿಂತಿತು.

"ಮದುವೆ ಆಗೋರು ಅಂದ್ಕೊಂಡಿದ್ದೆ ಮೇಡಂ" ಎಂದೆ.

ಎಂಟು ತಿಂಗಳಲ್ಲಿ ಈ ಮಾತನ್ನು ಬೇರೆಯವರ ಎದುರು ನಾನು ಆಡಿರಲಿಲ್ಲ. ಅವರೂ ಆಡಿರಲಿಲ್ಲ. ಮೊದಲ ಸಲ ನನ್ನ ಬಾಯಿಂದ ಹೊರಬಿದ್ದಾಗ ಅದು ಆಗಲೇ ಮುಗಿದುಹೋದ ಮಾತಾಗಿತ್ತು.